ಮಾಟ್ಲಿ ಅವರ ಮೂರು ವರ್ಷಗಳನ್ನಷ್ಟೇ ಕಂಡವರಿಗೆ

ನಿನ್ನೆಯ ಸಂವಾದದಲ್ಲಿ ಭಾಷಣಕಾರರೊಬ್ಬರು ಅಮೆರಿಕದ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಅವರನ್ನು ‘ರಾಜಕಾರಣದಿಂದ ಬಂದ ನ್ಯಾಯಾಧೀಶೆ, ಹಾಗಾಗಿ ನಿಷ್ಪಕ್ಷಪಾತದ ಪ್ರಶ್ನೆ ಇದ್ದೇ ಇತ್ತು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ರಾತ್ರಿ ಕಳೆದರೂ ನನ್ನ ಸಿಟ್ಟು ಇಳಿದಿಲ್ಲ.

1964ರಲ್ಲಿ ನ್ಯೂಯಾರ್ಕ್ ರಾಜ್ಯ ಸೆನೆಟ್ ಪ್ರವೇಶಿಸಿದ ಮೊದಲ ಕಪ್ಪು ಮಹಿಳೆ, 1965ರಲ್ಲಿ ನ್ಯೂಯಾರ್ಕ್ ನಗರದ ಆಡಳಿತ ವಿಭಾಗವಾದ ಮ್ಯಾನ್‌ಹಟನ್ ಬರೋದ ಅಧ್ಯಕ್ಷೆ, 1966ರಲ್ಲಿ ಫೆಡರಲ್ (ಕೇಂದ್ರ ಸರ್ಕಾರದ) ನ್ಯಾಯಾಲಯದ ನ್ಯಾಯಾಧೀಶೆ. ಆಕೆ ಅಧಿಕಾರ ರಾಜಕಾರಣದಲ್ಲಿದ್ದದ್ದು ಮೂರು ವರ್ಷವೂ ತುಂಬದಷ್ಟು ಕಾಲ. ಅದಕ್ಕೂ ಮೊದಲು ಥರ್ಗುಡ್ ಮಾರ್ಷಲ್ ಕಟ್ಟಿದ ನಾಗರಿಕ ಹಕ್ಕುಗಳ ವಕೀಲರ ತಂಡದಲ್ಲಿ ಸುಮಾರು ಎರಡು ದಶಕ ದುಡಿದು, ಶಾಲೆಗಳ ವರ್ಣಭೇದವನ್ನು ಉರುಳಿಸಿದ ಬ್ರೌನ್ ಪ್ರಕರಣದ ಮೂಲ ದೂರನ್ನು ಬರೆದವರು, 1962ರಲ್ಲಿ ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರೆಡಿತ್‌ಗೆ ಮಿಸಿಸಿಪಿ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದವರು, ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ 10 ಪ್ರಕರಣಗಳಲ್ಲಿ 9ನ್ನು ಗೆದ್ದವರು ಈ ಹೆಣ್ಣುಮಗಳು. ಇದೆಲ್ಲ ಆ ಭಾಷಣದಲ್ಲಿ ಬರಲೇ ಇಲ್ಲ.

ಅಧ್ಯಕ್ಷ ಜಾನ್ಸನ್ ನ್ಯಾಯಾಧೀಶೆಯ ಹುದ್ದೆಗೆ ಆಕೆಯ ಹೆಸರನ್ನು ಸೂಚಿಸಿದಾಗ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿದ್ದವರು ಮಿಸಿಸಿಪಿಯ ಜೇಮ್ಸ್ ಈಸ್ಟ್‌ಲ್ಯಾಂಡ್. ತಮ್ಮ ರಾಜ್ಯವನ್ನು ನ್ಯಾಯಾಲಯದಲ್ಲಿ ಸೋಲಿಸಿದ ವಕೀಲೆಯ ನೇಮಕವನ್ನು ಅವರು ಏಳು ತಿಂಗಳು ಎಳೆದಾಡಿದರು. ಆ ರಾಜಕಾರಣದ ನಿಷ್ಪಕ್ಷಪಾತವನ್ನು ನಿನ್ನೆ ಯಾರೂ ಪ್ರಶ್ನಿಸಲಿಲ್ಲ.

ಮತ ಕೇಳಿದವರ ಮೇಲೆ ಪಕ್ಷದ ಋಣ ಉಳಿದಿರುತ್ತದೆ ಎಂಬ ವಾದ ನನಗೂ ಗೊತ್ತಿದೆ. ಆದರೆ ಅಲ್ಲಿನ ಫೆಡರಲ್ ನ್ಯಾಯಾಧೀಶರಿಗೆ ಹುದ್ದೆ ಜೀವನಪರ್ಯಂತ. ಅವರು ಮತ್ತೆ ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ. ಅಲ್ಲದೆ ಅವರಲ್ಲಿ ಪ್ರತಿಯೊಬ್ಬರನ್ನೂ ಅಧ್ಯಕ್ಷರು ಸೂಚಿಸಿ ಸೆನೆಟ್ ಒಪ್ಪಬೇಕಾಗಿರುವಾಗ, ರಾಜಕಾರಣದ ಹೊಸ್ತಿಲು ದಾಟದೆ ಆ ಪೀಠಕ್ಕೆ ಬಂದವರು ಯಾರು?

ನಾನು ವಕೀಲಿಕೆಗೆ ಬಂದ ಹೊಸತರಲ್ಲಿ ಹಿರಿಯರೊಬ್ಬರು, ಹೆಣ್ಣು ನ್ಯಾಯಾಧೀಶರ ಮುಂದೆ ಗಂಡನ ಪರ ವಾದಿಸುವುದೇ ವ್ಯರ್ಥ ಎಂದಿದ್ದರು. ನಾನು ತಲೆಯಾಡಿಸಿದ್ದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ, ಏಕೆಂದರೆ ಮಾಟ್ಲಿ ಅವರಿಗೆ ಎದುರಾದದ್ದೂ ಅದೇ ಮಾತು. 1975ರಲ್ಲಿ ವಾಲ್ ಸ್ಟ್ರೀಟ್‌ನ ದೊಡ್ಡ ವಕೀಲ ಸಂಸ್ಥೆಯೊಂದರ ವಿರುದ್ಧದ ಲಿಂಗತಾರತಮ್ಯದ ಪ್ರಕರಣದಿಂದ ಆಕೆ ಹಿಂದೆ ಸರಿಯಬೇಕೆಂದು ಆ ಸಂಸ್ಥೆಯ ಕಡೆಯವರು ಕೇಳಿದರು. ಹಿನ್ನೆಲೆ, ಲಿಂಗ, ಜನಾಂಗಗಳೇ ಹಿಂದೆ ಸರಿಯಲು ಸಾಕಷ್ಟು ಕಾರಣವಾಗುವುದಾದರೆ ಈ ನ್ಯಾಯಾಲಯದ ಯಾವ ನ್ಯಾಯಾಧೀಶರೂ ಈ ಪ್ರಕರಣವನ್ನು ಕೇಳಲಾಗದು ಎಂದು ಉತ್ತರಿಸಿ, ಆಕೆ ಪೀಠದಲ್ಲೇ ಉಳಿದರು.

2005ರಲ್ಲಿ ತೀರಿಕೊಳ್ಳುವವರೆಗೂ ಉಳಿದರು; ನಡುವೆ 1982ರಿಂದ ನಾಲ್ಕು ವರ್ಷ ಅದೇ ನ್ಯಾಯಾಲಯದ ಮುಖ್ಯ ನ್ಯಾಯಾಧೀಶೆಯಾಗಿದ್ದರು. ಒಟ್ಟು 39 ವರ್ಷ.