ಪಡಿತರದ ಅಕ್ಕಿ ಯಾರನ್ನೂ ಸೋಮಾರಿ ಮಾಡಿಲ್ಲ

ಇವತ್ತು ಮದುವೆ ಊಟದ ಪಂಕ್ತಿಯಲ್ಲಿ ಮತ್ತೆ ಅದೇ ಮಾತು. "ಅಕ್ಕಿ ಫ್ರೀ ಕೊಟ್ಟು ಜನರನ್ನ ಸೋಮಾರಿ ಮಾಡಿಬಿಟ್ರು. ತೋಟಕ್ಕೆ ಆಳೇ ಸಿಗೋದಿಲ್ಲ." ಅಕ್ಕಪಕ್ಕದವರೆಲ್ಲ ಹೌದು ಹೌದು ಅಂದರು. ನನಗೆ ತುತ್ತು ಇಳಿಯಲಿಲ್ಲ.

2013ರಲ್ಲಿ ಅನ್ನಭಾಗ್ಯ ಶುರುವಾದಾಗಿನಿಂದ ಇದನ್ನೇ ಕೇಳುತ್ತಿದ್ದೇನೆ. ಆಗ ಕಿಲೋಗೆ 1 ರೂಪಾಯಿ ಇತ್ತು, 2015ರಲ್ಲಿ ಉಚಿತವಾಯಿತು. 2025ರ ಫೆಬ್ರುವರಿಯಲ್ಲಿ ತಲೆಗೆ 10 ಕಿಲೋ ಮಾಡಿದರು. ಅಂದರೆ ದಿನಕ್ಕೆ ಮುನ್ನೂರು ಗ್ರಾಂ ಚಿಲ್ಲರೆ. ಎಣ್ಣೆ, ಮಕ್ಕಳ ಫೀಸು, ಆಸ್ಪತ್ರೆ ಖರ್ಚು ಅದರಲ್ಲಿ ಬರುತ್ತಾ? ಅಷ್ಟು ಅಕ್ಕಿ ನಂಬಿಕೊಂಡು ಯಾರು ದುಡಿಮೆ ಬಿಟ್ಟು ಕೂರುತ್ತಾರೆ?

ನನ್ನ ಅಮ್ಮ ಬೇರೆಯವರ ಮನೆಯಲ್ಲಿ ಅಡಿಕೆ ಸುಲಿದವಳು. ಸುಗ್ಗಿಯಲ್ಲಿ ಮಧ್ಯರಾತ್ರಿವರೆಗೂ ಮೆಟ್ಟುಗತ್ತಿ ಮುಂದೆ ಕೂತಿರುತ್ತಿದ್ದಳು. ಚೊಗರು ಹತ್ತಿ ಬೆರಳೆಲ್ಲ ಕಪ್ಪಾಗಿರುತ್ತಿತ್ತು. ಜ್ವರ ಬಂದರೂ ಹೋಗುತ್ತಿದ್ದಳು. ಹೋಗದಿದ್ದರೆ ಮಾರನೇ ದಿನ ಮನೆಯಲ್ಲಿ ಅಕ್ಕಿ ಇರುತ್ತಿರಲಿಲ್ಲ. ಹಸಿವಿನ ಭಯಕ್ಕೆ ಎದ್ದು ಹೋದವಳನ್ನು "ಎಷ್ಟು ನಿಯತ್ತಿನ ಹೆಂಗಸು" ಅಂತ ಹೊಗಳುತ್ತಿದ್ದರು. ಈಗ ಜ್ವರ ಬಂದವಳು ಒಂದು ದಿನ ಮಲಗುತ್ತಾಳೆ. ಕೂಲಿ ಕಡಿಮೆ ಅನಿಸಿದರೆ "ಬರೋದಿಲ್ಲ" ಅನ್ನುತ್ತಾಳೆ. ತೋಟದವರ ಸಿಟ್ಟೆಲ್ಲ ಆ ಒಂದು ಮಾತಿನ ಮೇಲೆ.

ಆಳಿನ ಕಷ್ಟ ಸುಳ್ಳಲ್ಲ. ಮಳೆಗಾಲದಲ್ಲಿ ಸರಿಯಾದ ಹೊತ್ತಿಗೆ ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಯದಿದ್ದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ. ಆದರೆ ಆ ಆಳುಗಳ ಮಕ್ಕಳು ಎಲ್ಲಿದ್ದಾರೆ? ಬೆಂಗಳೂರಲ್ಲಿ ರಾತ್ರಿ ಹಗಲು ಡೆಲಿವರಿ ಬೈಕ್ ಓಡಿಸುತ್ತಿದ್ದಾರೆ, ಗಾರ್ಮೆಂಟ್ಸಲ್ಲಿ ಹೊಲಿಯುತ್ತಿದ್ದಾರೆ. ಅವರು ಸೋಮಾರಿಗಳಾ? ತೋಟ ಗೇಣಿಗೆ ಕೊಟ್ಟು, ಪೇಟೆ ಮನೆಯ ಬಾಡಿಗೆಯಲ್ಲಿ ಬದುಕುವವರನ್ನು ಆ ಪಂಕ್ತಿಯಲ್ಲಿ ಯಾರೂ ಸೋಮಾರಿ ಅನ್ನಲಿಲ್ಲ.

ಒಬ್ಬ ಹಿರಿಯರು "ಕಾಯಕವೇ ಕೈಲಾಸ" ಅಂತಲೂ ಹೇಳಿದರು. ಆ ಮಾತು ಬಸವಣ್ಣನ ಕಾಲದ ಶರಣ ಆಯ್ದಕ್ಕಿ ಮಾರಯ್ಯನ ವಚನದಲ್ಲಿದೆ. ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಜಾಸ್ತಿ ತಂದಾಗ, ನಮಗೆ ಇಷ್ಟು ಬೇಡ, ಅಲ್ಲೇ ಸುರಿದು ಬಾ ಅಂತ ಹೆಂಡತಿ ಲಕ್ಕಮ್ಮ ವಾಪಸ್ ಕಳಿಸಿದಳು. ಆ ದಿನಕ್ಕೆ ಬೇಕಾದಷ್ಟು ದುಡಿದು ನಿಲ್ಲಿಸುವುದೂ ಕಾಯಕವೇ ಅಲ್ವಾ? ಕೂಲಿಯವನಿಗೆ ಮಾತ್ರ ಮಾರಯ್ಯನನ್ನು ತೋರಿಸಿ, ಲಕ್ಕಮ್ಮನನ್ನು ಮರೆಯುವುದು ನನಗೆ ಸಹಿಸಲಾಗುವುದಿಲ್ಲ.

ಆಳು ಬೇಕಿದ್ದರೆ ಕೂಲಿ ಜಾಸ್ತಿ ಮಾಡಿ. ಮರ ಹತ್ತುವ ಕೊನೆಗೌಡನಿಗೆ ವಿಮೆ ಮಾಡಿಸಿ. ಬಿದ್ದು ಸೊಂಟ ಮುರಿದುಕೊಂಡವರ ಮನೆ ಹೇಗೆ ನಡೀತಿದೆ ಅಂತ ಹೋಗಿ ವಿಚಾರಿಸಿ. ಅಕ್ಕಿಯ ಲೆಕ್ಕ ಆಮೇಲೆ ಕೇಳಿ.