ಸತ್ಯಾಂಶ: ಸೂಪರ್‌ಮಾರ್ಕೆಟ್ ತೆರೆದರೆ ಬಡವರ ಊಟ ಸುಧಾರಿಸುತ್ತದೆಯೇ?

"ಬಡವರ ಬಡಾವಣೆಯಲ್ಲಿ ಒಂದು ಸೂಪರ್‌ಮಾರ್ಕೆಟ್ ತೆರೆಯಿರಿ, ಅವರ ಊಟ ತಾನಾಗಿ ಸುಧಾರಿಸುತ್ತದೆ" ಎಂಬ ಫಾರ್ವರ್ಡ್ ಹರಿದಾಡುತ್ತಿದೆ. ಉದ್ದೇಶ ಒಳ್ಳೆಯದೇ, ಲೆಕ್ಕ ಮಾತ್ರ ತಪ್ಪು.

ಅಮೆರಿಕದ ಮನೆಗಳ ಖರೀದಿ ವಿವರ ಇಟ್ಟುಕೊಂಡು ಅರ್ಥಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಹೊಸ ಮಳಿಗೆ ಬಂದಾಗ ಜನ ಅಂಗಡಿ ಬದಲಿಸಿದರು. ಚೀಲದೊಳಗಿನ ಸಾಮಾನು ಹೆಚ್ಚೇನೂ ಬದಲಾಗಲಿಲ್ಲ. ಬಡವರಿಗೂ ಉಳ್ಳವರಿಗೂ ಅದೇ ಸರಕು, ಅದೇ ಬೆಲೆಗೆ ಸಿಕ್ಕರೂ ಪೌಷ್ಟಿಕತೆಯ ಅಂತರ ತಗ್ಗುವುದು ಸುಮಾರು ಶೇ. 10ರಷ್ಟು ಮಾತ್ರ ಎಂಬುದು ಅದರ ಅಂದಾಜು. ಹಾಗಂತ ಬಡವರಿಗೆ ತಿನ್ನಲು ಗೊತ್ತಿಲ್ಲ ಎಂದು ತೀರ್ಪು ಕೊಡಬೇಡಿ. ಎರಡು ಪಾಳಿ ದುಡಿದು ಬಂದವರಿಗೆ, ಫ್ರಿಜ್ ಇಲ್ಲದ ಒಂದೇ ಕೋಣೆಯಲ್ಲಿ ಇರುವವರಿಗೆ ಅಗ್ಗದ ತರಕಾರಿಯೂ ದುಬಾರಿಯೇ.

ಬ್ರೆಜಿಲ್‌ನ ಬೆಲೊ ಒರಿಜಾಂಟೆ ನಗರ 1993ರಿಂದ ಬೇರೆ ದಾರಿ ಹಿಡಿಯಿತು. ನಗರಾಡಳಿತದಿಂದ ಆಯಕಟ್ಟಿನ ಜಾಗ ಪಡೆದ ವ್ಯಾಪಾರಿಗಳು ಕೆಲವು ಪದಾರ್ಥಗಳನ್ನು ಅದು ಗೊತ್ತುಮಾಡಿದ ದರಕ್ಕೇ ಮಾರಬೇಕಿತ್ತು. ವಾರಾಂತ್ಯ ಬಡ ಬಡಾವಣೆಗಳಿಗೆ ಲಾರಿಯಲ್ಲಿ ತರಕಾರಿ ಒಯ್ಯಬೇಕಿತ್ತು. ಜೊತೆಗೆ ಅಗ್ಗದ ಸರ್ಕಾರಿ ಭೋಜನಾಲಯಗಳು. ಅಲ್ಲಿ ಬಡವರೆಂದು ಸಾಬೀತು ಮಾಡಬೇಕಿಲ್ಲ, ಯಾರು ಬೇಕಾದರೂ ಉಣ್ಣಬಹುದು. ನನಗೆ ಹೆಚ್ಚು ಹಿಡಿಸಿದ್ದು ಇದೇ: ಗುಮಾಸ್ತನೂ ಕೂಲಿಯೂ ಒಂದೇ ಸಾಲಿನಲ್ಲಿ ನಿಂತರೆ ಯಾರಿಗೂ ತಲೆ ತಗ್ಗಿಸುವ ಪ್ರಮೇಯವಿಲ್ಲ.