ಪಾಚಿಗೆ ಮಾತ್ರ ಗೊತ್ತಿರುವ ಗುಟ್ಟು

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವರನ್ನು ನಿಲ್ಲಿಸಿ, 'ಡ್ರಮ್ಮಿನಲ್ಲಿ ಎಂತ ಉಂಟು?' ಎಂದು ಕೇಳಿ ನೋಡಿ. ಒಂದು ಕಿಲೋ ಮೈಲುತುತ್ತು (ಅದೇ, ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಉತ್ತರ ಅಷ್ಟೇ. ಸುಣ್ಣ ಸಾಕಾಯಿತಾ ಎಂದು ನೋಡಲು ಕತ್ತಿಯ ತುದಿಯನ್ನು ಅದ್ದಿ ತೆಗೆಯುತ್ತಾರೆ. ಕಬ್ಬಿಣಕ್ಕೆ ಕೆಂಪಗೆ ತಾಮ್ರ ಹತ್ತಿದರೆ ಇನ್ನೊಂದಿಷ್ಟು ಸುಣ್ಣ ಬೀಳಬೇಕು. ಈ ಬೋರ್ಡೋ ದ್ರಾವಣದ ಲೆಕ್ಕವನ್ನು ಫ್ರಾನ್ಸಿನ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲೇ ಊರಿಗೆಲ್ಲ ಹೇಳಿಬಿಟ್ಟರು. ಕೊಳೆರೋಗಕ್ಕೆ ಇವತ್ತಿಗೂ ನಾವು ನಂಬಿರುವುದು ಅದನ್ನೇ. ಗುಟ್ಟು ಬಯಲಾಯಿತು ಎಂದು ಮೈಲುತುತ್ತಿನ ಅಂಗಡಿ ಮುಚ್ಚಿದ್ದನ್ನು ನಾನಂತೂ ಕಂಡಿಲ್ಲ.

ಈಗ ನಮ್ಮ ಭಾವನ ಚಾವಡಿಗೆ ಬನ್ನಿ. ಗಲ್ಫಿನಿಂದ ಬಂದ ಮೇಲೆ ಭಾವ ಮನೆಯೊಳಗೆ ಒಂದು ಕಡಲು ಕಟ್ಟಿಸಿದ್ದಾರೆ. ಗಾಜಿನ ಕಡಲು. ಕುಂಬಳೆಗೆ ಹೋದರೆ ಪುಕ್ಕಟೆ ಕಡಲು ಸಿಗುತ್ತದೆ, ನಿಜ. ಆದರೆ ಭಾವನ ಕಡಲಿಗೆ ಉಪ್ಪು ಹೊರದೇಶದಿಂದ ಬಕೆಟಿನಲ್ಲಿ ಬರುತ್ತದೆ. ಮೊದಲು ಬಾವಿನೀರನ್ನು ಆರ್‌ಒ ಮೆಶಿನಿಗೆ ಹಾಕಿ ಅದರ ಉಪ್ಪೆಲ್ಲ ತೆಗೆಯಬೇಕು. ಆಮೇಲೆ ದುಡ್ಡು ಕೊಟ್ಟು ತಂದ ಉಪ್ಪು ಸೇರಿಸಬೇಕು. ಕಿಲೋ ನೀರಿಗೆ 35 ಗ್ರಾಂ ಲೆಕ್ಕ. ಒಳಗೆ ಕಿತ್ತಳೆ ಬಣ್ಣದ ಕ್ಲೌನ್ ಮೀನು, ಮೈಮೇಲೆ ಕೆಂಪು ಬಿಳಿ ಪಟ್ಟೆಯ ಸಿಗಡಿ, ಗಾಳಿಗೆ ಆಡಿದ ಹಾಗೆ ಆಡುವ ಮೆತ್ತನೆಯ ಹವಳ. ನೋಡಲು ಚಂದವೇ, ಸುಳ್ಳು ಹೇಳಬಾರದು.

ಬಂದವರೆಲ್ಲ ಪ್ರೀತಿಯಿಂದ ಮೀನಿಗೆ ತಿಂಡಿ ಹಾಕಿದರು. ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ಏರಿತು, ಫಾಸ್ಫೇಟ್ ಏರಿತು. ಹವಳದ ಕಲ್ಲಿನ ಮೇಲೆ ಕೂದಲಿನಂಥ ಹಸಿರು ಪಾಚಿ ಹಬ್ಬಿತು. ತಿಂಡಿ ಕಡಿಮೆ ಮಾಡಿ, ನೀರು ಬದಲಿಸಿ, ಕೈಯಲ್ಲಿ ಕಿತ್ತು ತೆಗೆಯಿರಿ ಎಂದರೆ ಅದು ಯಾರಿಗೆ ಬೇಕು? ಪಾಚಿ ಹೋಗಿಸುವ ಮದ್ದಿನ ಬಾಟಲಿ ಬಂತು.

ಕನ್ನಡಕ ಏರಿಸಿ ಲೇಬಲ್ ಓದಿದೆ. ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್. ಅಂಗೈಯಗಲ ಕಾಗದದಲ್ಲಿ ನಾಲ್ಕು ಭಾಷೆ! ಸರಕಾರಿ ಫಾರಂ ಒಂದು ಕನ್ನಡದಲ್ಲಿ ಸಿಗಲಿ ಎಂದು ಅಜ್ಜನ ಕಾಲದಿಂದ ಅರ್ಜಿ ಕೊಡುತ್ತಿರುವ ಕಾಸರಗೋಡಿನವರಿಗೆ ಇದನ್ನು ನೋಡಿದರೆ ಹೊಟ್ಟೆ ಉರಿಯಬೇಕು. ಆದರೆ ಒಳಗೆ ಏನಿದೆ ಎಂಬುದನ್ನು ಮಾತ್ರ ನಾಲ್ಕೂ ಭಾಷೆಯಲ್ಲಿ ಹೇಳದೆ ಬಿಟ್ಟಿದ್ದರು.

ಏನಿಲ್ಲ ಎಂಬುದನ್ನು ಧಾರಾಳವಾಗಿ ಹೇಳಿದ್ದರು. ತಾಮ್ರ ಇಲ್ಲ. ಫಾಸ್ಫೇಟ್ ಇಲ್ಲ. ಕಠಿಣ ರಾಸಾಯನಿಕ ಇಲ್ಲ. ಇಲ್ಲದ್ದನ್ನೇ ಬರೆಯುವುದಾದರೆ ಬೆಲ್ಲ ಇಲ್ಲ, ಕೊತ್ತಂಬರಿ ಇಲ್ಲ, ಮಿಡಿ ಉಪ್ಪಿನಕಾಯಿ ಇಲ್ಲ ಎಂದೂ ಬರೆಯಬಹುದಿತ್ತು. ಜಾಗ ಸಾಲಲಿಲ್ಲ ಅಂತ ಕಾಣುತ್ತದೆ.

ಕೆಳಗೆ ಬಳಸುವ ಕ್ರಮ. ಇಷ್ಟು ಲೀಟರಿಗೆ ಇಷ್ಟೇ ಮಿಲಿ, ಒಂದು ಹನಿ ಜಾಸ್ತಿ ಬೇಡ. ಕೊಳೆಯನ್ನು ನೊರೆಯಲ್ಲಿ ಎತ್ತಿ ತೆಗೆಯುವ ಸ್ಕಿಮ್ಮರ್ ಆಫ್ ಮಾಡಿ. ನೀರು ಸೋಸುವ ಇದ್ದಿಲು ತೆಗೆದಿಡಿ. ಯುವಿ ದೀಪ ಆರಿಸಿ. ಗಾಳಿ ಜಾಸ್ತಿ ಬಿಡಿ, ಆಮ್ಲಜನಕ ಇಳಿಯಬಹುದು. ಕೈಗೆ ಗ್ಲೌಸ್ ಹಾಕಿ. ಮಕ್ಕಳಿಗೆ ಸಿಗದ ಹಾಗೆ ಇಡಿ. ಇಷ್ಟೆಲ್ಲ ಆದ ಮೇಲೆ ದಪ್ಪ ಅಕ್ಷರದಲ್ಲಿ: 'ಶೇಕಡಾ ನೂರು ನೈಸರ್ಗಿಕ'. ಹಾವಿನ ವಿಷವೂ ನೈಸರ್ಗಿಕವೇ ಬಿಡಿ.

'ಅಲ್ಲ ಭಾವ, ಎಂತ ಉಂಟು ಇದರಲ್ಲಿ?' ಎಂದೆ.

'ಅದು ಕಂಪನಿಯ ಗುಟ್ಟು ಮಾರಾಯ್ರೇ. ಹೇಳಿದರೆ ಬೇರೆಯವರು ಕಾಪಿ ಮಾಡ್ತಾರಲ್ಲ?' ಎಂದರು ಭಾವ, ತಾನೇ ಕಂಪನಿಯ ಪಾಲುದಾರ ಎಂಬ ಧಾಟಿಯಲ್ಲಿ.

ನಾನು ಯೋಚಿಸಿದೆ. ಕಾಪಿ ಮಾಡುವ ಇನ್ನೊಂದು ಕಂಪನಿಯ ಹತ್ತಿರ ಲ್ಯಾಬ್ ಇರುತ್ತದೆ. ಒಂದು ಬಾಟಲಿ ಕೊಂಡು ಯಂತ್ರಕ್ಕೆ ಕೊಟ್ಟರೆ ಅವರಿಗೆ ವಿಷಯ ತಿಳಿಯುತ್ತದೆ. ಪಾಚಿಗಂತೂ ಮೊದಲ ಹನಿಗೇ ತಿಳಿಯುತ್ತದೆ. ಸಿಗಡಿಗೆ ಎರಡನೆಯ ದಿನ ತಿಳಿಯಬಹುದು. ಹಾಗಾದರೆ ಈ ಗುಟ್ಟು ಯಾರಿಂದ? ದುಡ್ಡು ಕೊಟ್ಟವನಿಂದ ಮಾತ್ರ!

ಇದು ನನ್ನ ಕುಚೋದ್ಯವಲ್ಲ, ನಡೆದದ್ದೇ. ಅಮೆರಿಕದಲ್ಲಿ ಒಂದು ಬಾಟಲಿ ಹಲವು ವರ್ಷ ಚೆನ್ನಾಗಿ ಓಡಿತು. ಅದರಲ್ಲಿರುವುದು ಒಳ್ಳೆಯ ಬ್ಯಾಕ್ಟೀರಿಯಾ, ಅವು ಪಾಚಿಯ ಜೊತೆ ಪೈಪೋಟಿ ಮಾಡಿ ಗೆಲ್ಲುತ್ತವೆ ಎಂಬ ಕತೆ. ಅಕ್ವೇರಿಯಂ ಇಟ್ಟವರಲ್ಲೂ ರಸಾಯನಶಾಸ್ತ್ರ ಓದಿದವರು ಇರುತ್ತಾರೆ, ಅಲ್ವಾ? ಅವರಿಗೆ ಗುಮಾನಿ ಬಂತು. 2022ರಲ್ಲಿ ಪರೀಕ್ಷೆ ಮಾಡಿಸಿದರು. ಸಿಕ್ಕಿದ್ದು ಪಾಲಿಕ್ವಾಟ್ ಎಂಬ ಪಾಚಿನಾಶಕ. ಈಜುಕೊಳಕ್ಕೆ ಸುರಿಯುವ ಜಾತಿಯದ್ದು. ತಮಾಷೆ ಎಂದರೆ ಅದೇ ಪಾಲಿಕ್ವಾಟ್ ಇರುವ ಇನ್ನೊಂದು ಬಾಟಲಿ ಅದೇ ಅಂಗಡಿಗಳಲ್ಲಿ, ಹೆಸರನ್ನೂ ಪ್ರಮಾಣವನ್ನೂ ಲೇಬಲ್ಲಿನಲ್ಲೇ ಹೇಳಿಕೊಂಡು, ಸಿಗಡಿ ಏಡಿ ಇರುವ ತೊಟ್ಟಿಗೆ ಹಾಕಬೇಡಿ ಎಂಬ ಎಚ್ಚರಿಕೆಯನ್ನೂ ಅಂಟಿಸಿಕೊಂಡು ಕೂತಿತ್ತು. ಸತ್ಯ ಹೇಳಿದ ಬಾಟಲಿಯನ್ನು ಜನ 'ಅಯ್ಯೋ ಕೆಮಿಕಲ್' ಎಂದು ದೂರ ಇಟ್ಟರು. ಬ್ಯಾಕ್ಟೀರಿಯಾ ಕತೆ ಹೇಳಿದ್ದನ್ನು ಪ್ರಸಾದದ ಹಾಗೆ ತಂದು ಹಾಕಿದರು.

ಕತೆ ಕಟ್ಟುವುದಕ್ಕೂ ಕಾರಣ ಇದೆ. ಅಲ್ಲಿನ ಕಾನೂನಿನಲ್ಲಿ ಪಾಚಿ ಕೊಲ್ಲುತ್ತೇವೆ ಎಂದು ಮಾರಿದರೆ ಅದು ಕೀಟನಾಶಕದ ಸಾಲಿಗೆ ಸೇರುತ್ತದೆ. ನೋಂದಣಿ ಆಗಬೇಕು, ಒಳಗಿನ ಮುಖ್ಯ ಮದ್ದಿನ ಹೆಸರು ಮತ್ತು ಪ್ರಮಾಣ ಬರೆಯಬೇಕು. ಆದ್ದರಿಂದ ಜಾಣರು ಕೊಲ್ಲುವ ಸುದ್ದಿಯನ್ನೇ ಎತ್ತುವುದಿಲ್ಲ. 'ನೀರಿಗೆ ಹೊಳಪು', 'ತೊಟ್ಟಿಗೆ ಸಮತೋಲನ' ಎನ್ನುತ್ತಾರೆ. ನೀರು ಸಮತೋಲನಕ್ಕೆ ಬಂದ ಸಂತೋಷದಲ್ಲಿ ಪಾಚಿ ತಾನಾಗಿ ಪ್ರಾಣ ಬಿಡುತ್ತದಂತೆ.

ಕೆಂಪು ಲೋಳೆಯದ್ದು ಇನ್ನೊಂದು ಪುರಾಣ. ತೊಟ್ಟಿಯ ತಳದ ಮರಳಿನ ಮೇಲೆ ಚಾಪೆ ಹಾಸಿದ ಹಾಗೆ ಕೂರುತ್ತದಲ್ಲ, ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾ ಆದ್ದರಿಂದ ಎರಿಥ್ರೋಮೈಸಿನ್‌ನಂಥ ಆಂಟಿಬಯೋಟಿಕ್ ಅದನ್ನು ಕೊಲ್ಲುತ್ತದೆ. ಹೆಸರಿಲ್ಲದ ಪುಡಿ ಹಾಕಿ ಎರಡೇ ದಿನಕ್ಕೆ ಲೋಳೆ ಮಾಯವಾದರೆ ಸಂಶಯ ಬರುವುದು ಸಹಜ. ನನಗೆ ಗಂಟಲು ನೋವಾದರೆ ಡಾಕ್ಟರ ಚೀಟಿ ಇಲ್ಲದೆ ಮೆಡಿಕಲಿನವರು ಆಂಟಿಬಯೋಟಿಕ್ ಕೊಡುವುದಿಲ್ಲ. ಕೇರಳದಲ್ಲಿ ಈಗ ಅದು ಬಿಗಿ. ಸರಿಯೇ ಅದು. ಆದರೆ ಭಾವನ ಮರಳಿಗೆ ಯಾವ ಚೀಟಿಯೂ ಬೇಡ. ನೀರು ಬದಲಿಸುವ ದಿನ ಅದೆಲ್ಲ ಎಲ್ಲಿಗೆ ಹೋಗುತ್ತದೆ? ಹಿತ್ತಿಲಿನ ತೆಂಗಿನ ಬುಡಕ್ಕೆ, ಅಲ್ಲಿಂದ ತೋಡಿಗೆ.

ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಬ್ರಯಾಪ್ಸಿಸ್ ಎಂಬ ಹಠಮಾರಿ ಪಾಚಿಗೆ ಕೆಲವರು ಫ್ಲುಕೊನಜೋಲ್ ಹಾಕುತ್ತಾರೆ. ನಮಗೆ ಫಂಗಸ್ ಆದರೆ ಕೊಡುವ ಮಾತ್ರೆಯೇ. ಸರಿಯೋ ತಪ್ಪೋ, ಹಾಕಿದ್ದು ಏನು ಎಂದಾದರೂ ಗೊತ್ತು. ಎಷ್ಟು ಹಾಕಿದ್ದೆ, ಯಾವುದು ಸತ್ತಿತು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಬಹುದು. ಭಾವನ ಬಾಟಲಿಯಲ್ಲಿ ಅದಕ್ಕೂ ದಾರಿಯಿಲ್ಲ. ಅವರು ಒಂದರಿಂದ ಗುಣ ಕಾಣದೆ ಇನ್ನೊಂದು ಬ್ರ್ಯಾಂಡಿನದ್ದನ್ನೂ ಸುರಿದರು. ಎರಡರಲ್ಲೂ ಒಂದೇ ಮದ್ದು ಇದ್ದಿದ್ದರೆ? ಪಟ್ಟೆಯ ಸಿಗಡಿ ಅಂಗಾತ ಬಿದ್ದಿತ್ತು. ಅದು ಮದ್ದಿಗೆ ಸತ್ತದ್ದಾ, ಪಾಚಿ ಕೊಳೆತು ಆಮ್ಲಜನಕ ಇಳಿದು ಸತ್ತದ್ದಾ, ಪ್ರಾಯವಾಗಿ ಸತ್ತದ್ದಾ, ಪೋಸ್ಟ್‌ಮಾರ್ಟಂ ಮಾಡಲು ಆರೋಪಿಯ ಹೆಸರೇ ಇಲ್ಲ.

ಈ ಜಿಲ್ಲೆಯಲ್ಲಿ ಕೂತು ಇಂಥ ಪ್ರಶ್ನೆ ಕೇಳಿದರೆ ಯಾರೂ ತಲೆಹರಟೆ ಎನ್ನಬಾರದು. ಇಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು, 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ. ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿದ್ದು 2011ರಲ್ಲಿ. ಆ ವಿಷಕ್ಕೆ ಸಿಕ್ಕಿ ನರಳಿದ ಊರು ಎಣ್ಮಕಜೆ. ಅಲ್ಲಿನ ಮಕ್ಕಳ ಪಾಡಿನ ಪಕ್ಕದಲ್ಲಿ ಗಾಜಿನ ತೊಟ್ಟಿಯ ಪಾಚಿಯನ್ನು ಇಡಬಾರದು, ನಾನೂ ಇಡುವುದಿಲ್ಲ. ಆದರೆ ಮೇಲಿನಿಂದ ಬೀಳುವುದು ಏನು ಎಂದು ಕೇಳುವ ಅಭ್ಯಾಸ ನಮಗೆ ಬಿಟ್ಟಿ ಬಂದದ್ದಲ್ಲ.

ಕೊನೆಗೆ ನನ್ನ ಕಾಟ ತಡೆಯಲಾರದೆ ಭಾವ ಕಂಪನಿಗೆ ಮೇಲ್ ಹಾಕಿದರು. ಸೂತ್ರ ಬೇಡ, ಮುಖ್ಯ ಮದ್ದಿನ ಹೆಸರೊಂದು ತಿಳಿಸಿ, ಸಾಕು ಎಂದು. ಉತ್ತರ ಬಂತು. ನಿಮ್ಮ ಆಸಕ್ತಿಗೆ ಧನ್ಯವಾದ, ನಮ್ಮ ವಿಶಿಷ್ಟ ಮಿಶ್ರಣದ ವಿವರ ಹಂಚಿಕೊಳ್ಳಲಾಗದು, ಲೇಬಲ್ ಓದಿಕೊಳ್ಳಿ, ಮುಂದಿನ ಬಾಟಲಿಗೆ ಶೇಕಡಾ ಹತ್ತು ರಿಯಾಯಿತಿಯ ಕೂಪನ್ ಇದೋ.

ಭಾವ ಕೂಪನ್ ಹಾಳು ಮಾಡುವ ಜನ ಅಲ್ಲ. ಹೊಸ ಬಾಟಲಿ ಬಂದಿದೆ. ಲೇಬಲ್ಲಿನಲ್ಲಿ ಈಗ ಐದು ಭಾಷೆ. ಮೇಲೆ ಕೆಂಪು ಪಟ್ಟಿಯಲ್ಲಿ 'ಹೊಸ ಸುಧಾರಿತ ಫಾರ್ಮುಲಾ' ಎಂದಿದೆ. ಹಳೆಯದರಲ್ಲಿ ಏನಿತ್ತು, ಯಾವುದನ್ನು ಸುಧಾರಿಸಿದರು ಎಂದು ಕೇಳಿ ಇನ್ನೊಂದು ಮೇಲ್ ಹಾಕಿ ಎಂದಿದ್ದೇನೆ. ಭಾವನಿಗೂ ಈ ಸಲ ಉತ್ಸಾಹ ಬಂದಿದೆ. ಶೇಕಡಾ ಇಪ್ಪತ್ತು ಸಿಗಬಹುದಂತೆ.